ಕಮಟು ಹಿಡಿಯದ ತುಪ್ಪ

ನಮ್ಮ ಪಕ್ಕದ ಮನೆಯ ಶೇಷಗಿರಿ ಮಾಸ್ತರು ರಾಯಚೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಒಳ್ಳೆಯವರೇ, ಆದರೆ ಹಟ ಹಿಡಿದರೆ ಯಾರ ಮಾತೂ ಕಿವಿಗೆ ಬೀಳದು. ಎಪ್ಪತ್ತೆಂಟರ ಬೇಸಿಗೆಯಲ್ಲಿ ಅವರಿಗೆ ಮಣ್ಣಿನ ಬೂಷ್ಟಿನ ಹುಚ್ಚು ಹತ್ತಿತು. ಮಲ್ಲಟದ ರೈತ ಹುಲಿಗೆಪ್ಪನ ಹೊಲದಿಂದ ಕರಿಮಣ್ಣು ತಂದು, ಅದರಲ್ಲಿನ ಬೂಷ್ಟನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ರಸ ತೆಗೆದರು. ಅದನ್ನು ಬೆರೆಸಿದರೆ ನಮ್ಮೂರಿನ ಸುಡುಬಿಸಿಲಿನಲ್ಲೂ ಎಣ್ಣೆ, ತುಪ್ಪ ಕಮಟು ವಾಸನೆ ಹಿಡಿಯುವುದಿಲ್ಲ ಎನ್ನುತ್ತಿದ್ದರು.

ಪರೀಕ್ಷೆಗೆಂದು ಅಡುಗೆಮನೆಯ ಅಟ್ಟದ ಮೇಲೆ ಎರಡು ಭರಣಿ ಇಟ್ಟರು. ಎರಡರಲ್ಲೂ ಮನೆಯಲ್ಲೇ ಕಾಸಿದ ತುಪ್ಪ. ಒಂದಕ್ಕೆ ಮಾತ್ರ ರಸ ಬೆರೆಸಿದ್ದರು. ಯಾವುದು ಯಾವುದೆಂದು ಮೂಗಿಗೇ ತಿಳಿಯುತ್ತದಲ್ಲ ಎಂದು ಚೀಟಿ ಅಂಟಿಸಲಿಲ್ಲ. ಅಂಟಿಸಲು ಏನು ಧಾಡಿಯಾಗಿತ್ತು ಎಂದು ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಹೆಂಡತಿ ಅಹಲ್ಯಾಬಾಯಿಗೆ "ಮುಟ್ಟಬ್ಯಾಡ" ಎಂದಷ್ಟೇ ಹೇಳಿದ್ದರು.

ರಸ ಬೆರೆಸಿದ ತುಪ್ಪವನ್ನು ಹುಲಿಗೆಪ್ಪನ ಕೋಳಿಗಳಿಗೂ ಹಾಕಿಸಿದ್ದರು. ಮಳೆಗಾಲದ ಒಂದು ಏಕಾದಶಿಯ ದಿನ ಅವುಗಳನ್ನು ನೋಡಲು ಮಲ್ಲಟಕ್ಕೆ ಹೋದರು.

"ಒಂದೂ ಉಳಿದಿಲ್ಲರೀ ಮಾಸ್ತರ. ಕೊಯ್ದು ನೋಡಿದ್ರ ಕಲೇಜಿ ಎಲ್ಲಾ ಹಳದಿ," ಎಂದ ಹುಲಿಗೆಪ್ಪ. ಕಲೇಜಿ ಎಂದರೆ ಯಕೃತ್ತು.

ಮರುದಿನ ಮೊದಲ ಬಸ್ಸಿಗೇ ಓಡಿ ಬಂದರು. ನಾನು ಅಹಲ್ಯಾಬಾಯಿಯ ಜೊತೆ ಪಡಸಾಲೆಯಲ್ಲಿ ಕೂತಿದ್ದೆ. ದ್ವಾದಶಿಯಾದ್ದರಿಂದ ಬೆಳಗಾಗುತ್ತಲೇ ನೈವೇದ್ಯ ಮಾಡಿ ಆಕೆ ಉಪವಾಸ ಬಿಟ್ಟಿದ್ದರು. ಅಟ್ಟದ ಮೇಲೆ ಒಂದೇ ಭರಣಿ ಇತ್ತು.

"ತುಪ್ಪ ತೀರಿತ್ತು. ಪ್ಯಾಟಿ ತುಪ್ಪ ದೇವರಿಗೆ ನಡಿಯೂದಿಲ್ಲಲ್ಲ, ಅದಕ್ಕ ಒಂದು ಇಳಿಸಿಕೊಂಡೆ," ಎಂದರು ಅಹಲ್ಯಾಬಾಯಿ.

"ಮೂಸಿ ನೋಡಲಿಲ್ಲೇನು?"

"ಅಯ್ಯ, ನೈವೇದ್ಯಕ್ಕ ಹಾಕೋದನ್ನ ಮೊದಲ ಯಾರರೆ ಮೂಸ್ತಾರೇನ್ರೀ? ಎಂಜಲಾಗ್ತದ."

"ಉಣ್ಣುವಾಗ ಕಮಟು ಬಂತೇನು? ಖರೇ ಹೇಳು." ಮಾಸ್ತರು, ಬಂತು ಎನ್ನಲಿ ಎಂದು ಬೇಡಿಕೊಳ್ಳುವವರ ಹಾಗೆ ಆಕೆಯ ಬಾಯನ್ನೇ ನೋಡುತ್ತಿದ್ದರು.

"ಛೇ, ಇಲ್ಲ. ಈಗ ಕಾಸಿದ್ಹಂಗ ಘಮ್ಮಂತಿತ್ತು."

ತಿಂಗಳುಗಟ್ಟಲೆ ಆ ಒಂದು ಮಾತಿಗೆ ಕಾದಿದ್ದ ಮನುಷ್ಯ ಹೊಸ್ತಿಲ ಮೇಲೆ ಕುಸಿದು ಕೂತರು.

ಉಪವಾಸ ಮಾಡಿದ ಹೊಟ್ಟೆ, ಒಮ್ಮೆ ತೋರಿಸೋಣ ಎಂದು ಹೆಂಡತಿಯನ್ನು ದವಾಖಾನೆಗೆ ಕರೆದೊಯ್ದರು. ಡಾಕ್ಟರು ಆಕೆಯ ಹೊಟ್ಟೆ ಒತ್ತಿ ನೋಡಿ, ಮಾಸ್ತರನ್ನು ಬದಿಗೆ ಕರೆದು, ಕಣ್ಣು ಹಳದಿಯಾದರೆ ಕೂಡಲೇ ಕರೆತನ್ನಿ ಎಂದರಂತೆ. ಹೆಂಡತಿಗೆ ಮಾಸ್ತರು ಏನೂ ಹೇಳಲಿಲ್ಲ. ನೀವೂ ಹೇಳಬೇಡಿ ಎಂದು ನನಗೆ ಕೈ ಮುಗಿದರು. ದಿನಾ ಬೆಳಿಗ್ಗೆ ಆಕೆಯನ್ನು ಅಂಗಳದ ಬಿಸಿಲಿಗೆ ಕರೆದು, ರೆಪ್ಪೆ ಎತ್ತಿ ನೋಡುತ್ತಿದ್ದರು. ಈ ವಯಸ್ಸಿನಲ್ಲಿ ಇದೆಂಥಾ ಪ್ರೀತಿ ಎಂದು ಅಹಲ್ಯಾಬಾಯಿಗೆ ನಾಚಿಕೆ.

ಒಂದು ಶುಕ್ರವಾರ ರೆಪ್ಪೆ ಎತ್ತಿದವರು ಕೈ ತೆಗೆಯಲೇ ಇಲ್ಲ.

"ಬಿಡ್ರೀ, ಮಂದಿ ನೋಡ್ತಾರ," ಎಂದು ಅಹಲ್ಯಾಬಾಯಿ ಅವತ್ತೂ ನಕ್ಕರು.