ಇಗ್ವಾನಾದ ಮನೆಗೆ ಆಯ ನೋಡಿದ ಆಚಾರ್ರು

ಆಚಾರ್ರ ಹುಬ್ಬುಗಳ ಮೇಲೆ ಯಾವಾಗಲೂ ಮರದ ಹೊಟ್ಟು ಕೂತಿರುತ್ತಿತ್ತು. ಯೋಚನೆಗೆ ಬಿದ್ದರೆ ಹುಬ್ಬು ಏರಿಸುತ್ತಿದ್ದರು, ಹೊಟ್ಟು ಉದುರಿ ನಾನು ಕೊಟ್ಟ ಕಾಫಿ ಲೋಟಕ್ಕೇ ಬೀಳುತ್ತಿತ್ತು. ಅದನ್ನೂ ಸೇರಿಸಿ ಕುಡಿಯುತ್ತಿದ್ದರು. ಅವರ ಊರು ಹದಿನಾರು ಎಂಬ ಹಳ್ಳಿ, ನಂಜನಗೂಡಿನಲ್ಲಿ ನಮ್ಮ ಬಾಡಿಗೆ ಮನೆಯ ಹಿಂದಿನ ಬೀದಿಯಲ್ಲಿ ಬಡಗಿ ಕೆಲಸ. ನನ್ನಷ್ಟು ಅವರ ಮೇಲೆ ರೇಗಾಡಿದವರು ಇನ್ನೊಬ್ಬರಿರಲಾರರು.

ಎಲ್ಲಕ್ಕೂ ಕಾರಣ ಒಂದು ಇಗ್ವಾನಾ. ನನ್ನ ತಮ್ಮ ಸಾಕಿದ್ದ ಹಸಿರು ವಿದೇಶಿ ಓತಿ. ಮದುವೆಯಾದ ಮೇಲೆ, ಹೆಂಡತಿ ಹೆದರುತ್ತಾಳೆಂದು ಕಾಗದಪತ್ರದ ಸಮೇತ ನನ್ನ ತಲೆಗೆ ಕಟ್ಟಿದ. ಬಾಲ ಸೇರಿ ನಾಲ್ಕಡಿ ಬೆಳೆದು ನಮ್ಮ ಬಚ್ಚಲುಮನೆಯನ್ನೇ ಹಿಡಿದುಕೊಂಡಿತ್ತು. ದೊಡ್ಡ ಗೂಡು ಮಾಡಿಸಿ, ಒಳಗೆ ದೀಪದ ಕಾವು ಕೊಡಿ, ಚಳಿಗೆ ಬಿಟ್ಟರೆ ಉಳಿಯುವುದಿಲ್ಲ ಎಂದು ಪಶುವೈದ್ಯರು ಹೇಳಿದರು. ನಾನು ಸರ್ಕಾರಿ ಹೈಸ್ಕೂಲಿನ ಗಣಿತದ ಮೇಡಮ್, ಯಾವಾಗ ಎಲ್ಲಿಗೆ ವರ್ಗವೋ ಗೊತ್ತಿಲ್ಲ. ಆರಡಿ ಉದ್ದ, ನಾಲ್ಕಡಿ ಅಗಲ, ಬೋಲ್ಟ್ ತಿರುಗಿಸಿದರೆ ಪೂರ್ತಿ ಬಿಚ್ಚಿಕೊಳ್ಳಬೇಕು ಎಂದು ಚಿತ್ರ ಬರೆದು ಆಚಾರ್ರ ಕೈಗೆ ಕೊಟ್ಟೆ.

ಅವರು ಮೊದಲು ಕೇಳಿದ್ದು ಅದರ ನಕ್ಷತ್ರ.

"ಆಚಾರ್ರೇ, ಅದು ಓತಿ!"

"ವಾಸ ಮಾಡಾದು ಅದೇ ಅಲ್ವರಾ ಮೇಡಮ್ಮೋರೆ? ಮನೆ ಅಂದ್ಮೇಲೆ ಆಯ ನೋಡ್ದೆ ಎಂಗೆ ಕಟ್ಟಾದು? ಆರು ನಾಕ್ಲ ಇಪ್ಪತ್ನಾಕು. ಎಂಟ್ರಲ್ಲಿ ಭಾಗ್ಸಿ. ಏನ್ ಉಳೀತು? ಸೊನ್ನೆ. ಅಂಥ ಮನೇಲಿ ಜೀವ ನಿಲ್ಲಾಕಿಲ್ಲ."

ಭಾಗಾಕಾರ ಕಲಿಸಿಯೇ ಸಂಬಳ ಎಣಿಸುವವಳು ನಾನು. ಶೇಷಕ್ಕೂ ಓತಿಯ ಆಯಸ್ಸಿಗೂ ಸಂಬಂಧವಿಲ್ಲವೆಂದು ಅರ್ಧ ಗಂಟೆ ವಾದಿಸಿದೆ. ಹೂಂ ಹೂಂ ಎಂದು ಕೇಳಿಸಿಕೊಂಡು ಹೋದರು. ತಿಂಗಳ ಮೇಲೆ ಗೂಡು ಬಂತು: ಏಳಡಿಗೆ ಐದಡಿ. "ಮೂವತ್ತೈದು. ಎಂಟ್ರಲ್ಲಿ ಭಾಗ್ಸುದ್ರೆ ಮೂರು ಉಳೀತದೆ. ಸಿಂಹಾಯ ಕಣ್ರವ್ವ!" ಎಂದು ಖುಷಿಪಟ್ಟರು. ನಮ್ಮ ಸೋಫಾ ವರಾಂಡ ಸೇರಿತು.

ಎರಡು ವರ್ಷದ ಮೇಲೆ, ಡಿಸೆಂಬರಿನ ಚಳಿಯಲ್ಲಿ, ಟಿ. ನರಸೀಪುರಕ್ಕೆ ವರ್ಗವಾಯಿತು. ಬಾಗಿಲಲ್ಲಿ ಲಾರಿ. ಬೋಲ್ಟ್‌ಗಳನ್ನೆಲ್ಲ ಬಿಚ್ಚಿದರೂ ಗೂಡು ಜಪ್ಪಯ್ಯ ಎನ್ನಲಿಲ್ಲ. ಆಚಾರ್ರನ್ನು ಕರೆಸಿದೆ.

"ಗಟ್ಟಿಯಾಗ್ಲಿ ಅಂತ ಸಂದಿಗೆಲ್ಲ ವಸಿ ಅಂಟೂ ಆಕಿದ್ದೆ," ಎಂದರು. "ಕಟ್ಟಾಗ್ಲೇ ಬಿಚ್ಚಾ ಮಾತಾಡಬಾರ್ದು ಅಲ್ವರಾ."

ಬಿಚ್ಚುವುದಕ್ಕೇ ಅಲ್ಲವೇ ಮಾಡಿಸಿದ್ದು ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದೆ. ಆಚಾರ್ರು ಚೌಕಟ್ಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಗರಗಸ ಹಿಡಿದರು. ಸಂದಿಗಳನ್ನೆಲ್ಲ ಕೊಯ್ದು, ಮರವನ್ನು ಲಾರಿಗೇರಿಸಿ, ಜೋಡಿಸಿಕೊಡಲು ತಾವೂ ಹತ್ತಿದರು.

ಅಂಟು ಹಿಡಿದ ತುದಿಗಳು ಹೋದ ಮೇಲೆ ಉಳಿದ ಮರ ಸರಿಯಾಗಿ ಆರಡಿ, ನಾಲ್ಕಡಿ. ನರಸೀಪುರದ ಮನೆಯಲ್ಲಿ ಆಚಾರ್ರು ಅದನ್ನು ಅಳೆದವರೇ ಕೆಳಗೆ ಕುಕ್ಕರಿಸಿದರು. ಜೋಡಿಸಲಾರೆ, ಹೊಸ ಮರ ತರುತ್ತೇನೆ, ಎರಡು ದಿನ ಕೊಡಿ ಎಂದರು. ರಟ್ಟಿನ ಪೆಟ್ಟಿಗೆಯಲ್ಲಿ ಇಗ್ವಾನಾ ಹಸಿರು ಬಣ್ಣ ಕಳೆದುಕೊಂಡು ಕಪ್ಪಾಗಿತ್ತು. ಮುಟ್ಟಿದರೆ ತಣ್ಣಗೆ, ಕಣ್ಣು ತೆರೆಯುತ್ತಿರಲಿಲ್ಲ.

"ಎರಡು ದಿನ ಇದು ಬದುಕಿರುತ್ತೇನ್ರೀ? ನಿಮ್ಮ ಸೊನ್ನೆ ಅಲ್ಲ ಆಚಾರ್ರೇ, ಚಳಿ ಕೊಲ್ಲುತ್ತೆ ಇದನ್ನ! ಜೋಡಿಸ್ತೀರೋ ಇಲ್ವೋ?"

ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು. ಆಮೇಲೆ ಎದ್ದು ಮರಕ್ಕೆ ಕೈಮುಗಿದು, "ಜೋಡಿಸ್ತೀನಿ. ಏನಾರ ಬಂದ್ರೆ ಕಟ್ದೋನ್ ತಲೆಗೇ ಬರ್ಲಿ. ಮೂಕ್ ಜೀವಕ್ಕೆ ಬ್ಯಾಡ," ಎಂದರು.

ಇದೊಂದು ನಾಟಕ ಬೇರೆ ಎಂದುಕೊಂಡೆ. ಈ ಸಲ ಬರೀ ಬೋಲ್ಟ್, ಅಂಟಿಲ್ಲ. ಮುಕ್ಕಾಲು ಗಂಟೆಯಲ್ಲಿ ಗೂಡು ನಿಂತಿತು. ಸಂಜೆಗೆ ದೀಪದ ಕೆಳಗೆ ಇಗ್ವಾನಾ ಕಣ್ಣು ಬಿಟ್ಟು ಒಂದು ದಾಸವಾಳ ತಿಂದಿತು. ಆಚಾರ್ರು ಬಸ್ಸಿಗೆ ಹೊರಟಾಗ ನಾನು ಉಪಕಾರವಾಯಿತು ಎನ್ನಲಿಲ್ಲ. ಇನ್ನೂ ಕೋಪವಿತ್ತು. ಬಾಗಿಲ ಹತ್ತಿರದ ಹೊಟ್ಟು ಗುಡಿಸಿ ಹೋಗಿ ಎಂದೆ. ಗುಡಿಸಿ ಹೋದರು.

ಯುಗಾದಿಗೆ ಮೊದಲೇ ಎದೆನೋವಿನಿಂದ ತೀರಿಕೊಂಡರು. ಎಪ್ಪತ್ತು ದಾಟಿತ್ತು, ಬೀಡಿ ಬಿಟ್ಟಿರಲಿಲ್ಲ, ಡಾಕ್ಟರು ಮೊದಲೇ ಎಚ್ಚರಿಸಿದ್ದರಂತೆ. ಆ ಗೂಡಿಗೂ ಈ ಸಾವಿಗೂ ಸಂಬಂಧವಿಲ್ಲ. ನಾನು ಬಲ್ಲೆ, ಬೇಕಾದರೆ ಬೋರ್ಡಿನ ಮೇಲೆ ಬರೆದು ತೋರಿಸಬಲ್ಲೆ. ಆ ಸೊನ್ನೆಯನ್ನು ನಾನು ಒಂದು ಕ್ಷಣವೂ ನಂಬಿದವಳಲ್ಲ. ಅವರು ಪೂರ್ತಿ ನಂಬಿದ್ದರು. ನಂಬಿಕೊಂಡೇ ಜೋಡಿಸಿಕೊಟ್ಟರು.