ತುರ್ಗನ್‌ಬಾಯ್ ತಾತನ ಮೆದು ಕೈ

ಅರಾಲ್ ಕಡಲು ಬತ್ತಿ ಊರು ಬಿಟ್ಟು ಹೋದಾಗ ತುರ್ಗನ್‌ಬಾಯ್‌ಗೆ ಆಗಷ್ಟೇ ಮೀಸೆ ಚಿಗುರುತ್ತಿತ್ತು. ಅಪ್ಪನ ದೋಣಿ ಮರಳಲ್ಲಿ ಕೂತು ತುಕ್ಕು ಹಿಡಿಯಿತು. ಮಗ ಕುದುರೆ ಲಾಯ ಸೇರಿ ಅರ್ಧ ಆಯುಷ್ಯ ಮರಿಗುದುರೆಗಳನ್ನು ಪಳಗಿಸುವುದರಲ್ಲೇ ಕಳೆದ. ಆಮೇಲೆ ಒಡ್ಡು ಕಟ್ಟಿದರು, ನೀರು ಏರಿತು, ಮೀನೂ ಬಂತು. ಗಡ್ಡ ನರೆತ ಮೇಲೆ ಅವನು ಕುದುರೆಯಿಂದಿಳಿದು ದೋಣಿ ಹತ್ತಿದ. ಹಂಗಾಮಿನ ಮೊದಲ ದಿನ ತಂಡದವರೆಲ್ಲ ದಡದಲ್ಲಿ ಅಂಗೈ ಬಿಚ್ಚಿ ನಿಂತಾಗ ಹರಸುವ ಹಿರಿಯ ಅವನೇ, ಮೊದಲ ದೋಣಿಯ ಚುಕ್ಕಾಣಿ ಹಿಡಿಯುವವನೂ ಅವನೇ. ಊರಿನ ಕಿರಿಯರಿಗೆಲ್ಲ ಅವನು ‘ಅತಾ’, ಅಂದರೆ ತಾತ.

ಇನ್ನು ಮೆಯಿರ್‌ಬೆಕ್. ಮೀನು ಕೊಳ್ಳುವ ಕೇಂದ್ರದ ಐಸ್ ಮನೆಯಲ್ಲಿ ಸಂಬಳಕ್ಕಿದ್ದವನು. ಪಟ್ಟಣದಲ್ಲಿ ಒಂದು ಚಳಿಗಾಲ ಟ್ರ್ಯಾಕ್ಟರ್ ರಿಪೇರಿ ಕಲಿತು ಬಂದದ್ದಕ್ಕೆ ಊರು ಅವನನ್ನು ‘ಇಂಜಿನಿಯರ್’ ಎಂದಿತು. ಅವನೂ ಬೇಡವೆನ್ನಲಿಲ್ಲ. ಬೇಡ ಎಂದಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ.

ಕಡಲು ಹೆಪ್ಪುಗಟ್ಟುವ ಮುಂಚಿನ ದೊಡ್ಡ ಹಂಗಾಮು ಹತ್ತಿರವಾದಾಗ ತುರ್ಗನ್‌ಬಾಯ್‌ನ ದೋಣಿಯ ಮೋಟಾರು ಕೈಕೊಟ್ಟಿತು. ಸೋವಿಯತ್ ಕಾಲದ ಮುದಿ ಮೋಟಾರು. ಗೇರ್ ಬೀಳುತ್ತಿತ್ತು, ಆದರೆ ವೇಗ ಹೆಚ್ಚಿಸಿದ ಕೂಡಲೇ ‘ಕಟಕಟ’ ಎಂದು ತಾನಾಗಿ ಹೊರಗೆ ಜಿಗಿಯುತ್ತಿತ್ತು. ಗಾಳಿ ಎದ್ದ ದಿನ ಬಲೆ ಎಳೆಯುತ್ತಿದ್ದಾಗಲೇ ಹಾಗಾಗಿ, ದೋಣಿ ಅಡ್ಡ ತಿರುಗಿ, ತಂಡದ ಬಲೆ ಕಡಲ ಪಾಲಾಯಿತು.

ತಂಡದ ಮುಖಂಡ ಕುವಾನಿಶ್, ಕಿರಿಯರ ಬಾಯಲ್ಲಿ ‘ಆಗಾ’, ಅಂದರೆ ಅಣ್ಣ. ಬಾಯಿಬಡುಕ, ಆದರೆ ಕೆಟ್ಟವನಲ್ಲ. ಅಂದು ಎಲ್ಲರ ಮುಂದೆಯೇ ಹೇಳಿದ: “ಅತಾ, ಬೇಜಾರು ಮಾಡ್ಕೋಬೇಡಿ. ವಯಸ್ಸಾಯ್ತು, ಕೈ ಒರಟಾಯ್ತು. ಈ ಸಲ ದಡದಲ್ಲಿ ಬೆಚ್ಚಗೆ ಕೂತು ಬಲೆ ಹೊಲೀರಿ. ದೋಣಿ ನಮ್ಮಕ್ಕನ ಮಗ ನೋಡ್ಕೋತಾನೆ.”

ಬಲೆ ಹೊಲಿಯುವುದು ಕಾಲು ಮುರಿದವರ ಕೆಲಸ. ತುರ್ಗನ್‌ಬಾಯ್ ಟೋಪಿ ಸರಿಮಾಡಿಕೊಂಡ.

“ಇಂಜಿನಿಯರ್ ಒಂದ್ಸಲ ಬಿಚ್ಚಿ ನೋಡ್ಲಿ. ತಪ್ಪು ನನ್ನ ಕೈದೇ ಅಂದ್ರೆ ನಾನಾಗೇ ಇಳೀತೀನಿ.”

ಮರುದಿನ ತುರ್ಗನ್‌ಬಾಯ್‌ನ ಅಂಗಳದಲ್ಲಿ ಮೋಟಾರನ್ನು ಹಲಗೆಗೆ ನೇತುಹಾಕಿ ಮೆಯಿರ್‌ಬೆಕ್ ಕೂತ. ಮುದುಕ ಪಕ್ಕದಲ್ಲೇ ಮೀನಿನ ಪೆಟ್ಟಿಗೆ ಬೋರಲು ಹಾಕಿಕೊಂಡು, ಆಸ್ಪತ್ರೆಗೆ ಹೆಂಡತಿಯನ್ನು ಕರೆತಂದವನಂತೆ ಕಾಯುತ್ತಿದ್ದ. ಇಂಥ ಮೋಟಾರಿನ ಬಗ್ಗೆ ಮೆಯಿರ್‌ಬೆಕ್‌ಗೆ ಮೊದಲು ಏನೇನೂ ಗೊತ್ತಿರಲಿಲ್ಲ; ಈ ಬೇಸಿಗೆಯಲ್ಲಷ್ಟೇ ಕೇಂದ್ರದ ದೋಣಿಗಳದ್ದನ್ನು ಬಿಚ್ಚಿ, ಕೆಡಿಸಿ, ಬೈಸಿಕೊಂಡು ಒಂದಿಷ್ಟು ಕಲಿತಿದ್ದ.

ಮೊದಲು ಮೇಲಿನ ಹಿಡಿಕೆಯಿಂದ ಕೆಳಕ್ಕೆ ಇಳಿಯುವ ಕಂಬಿ ನೋಡಿದ. ಕಂಬಿ ಪೂರ್ತಿ ಇಳಿಯದಿದ್ದರೆ ಗೇರ್ ಅರ್ಧಕ್ಕೇ ನಿಲ್ಲುತ್ತದೆ. ಆದರೆ ಅದು ಪೂರ್ತಿ ಇಳಿಯುತ್ತಿತ್ತು, ಅದರ ಕೀಲೂ ಬಿಗಿಯಾಗಿತ್ತು. ಮೋಟಾರು ಬಂದ್ ಇರುವಾಗಲೇ ಗೇರ್ ಮುಂದಕ್ಕೆ ಹಾಕಿ ನೀರು ತಳ್ಳುವ ಪಂಖವನ್ನು ಕೈಯಿಂದ ತಿರುಗಿಸಿದ. ಗೇರ್ ಸರಿಯಾಗಿ ಕಚ್ಚಿದ್ದರೆ ಪಂಖ ಅಲ್ಲಾಡಬಾರದು. ಮೆಲ್ಲಗೆ ತಿರುಗಿಸಿದರೆ ತಡೆಯಿತು. ಜೋರು ಮಾಡಿದಾಗ ‘ಟಕ್’ ಎಂದು ಜಾರಿತು.

“ಮೇಲಿನದ್ದಲ್ಲ ಅತಾ, ಹೊಟ್ಟೆಯೊಳಗಿನ ಕಾಯಿಲೆ.”

“ಹೊಟ್ಟೆ ಕೊಯ್ಯಿ ಹಾಗಾದ್ರೆ.”

ಕೆಳಗಿನ ಗೇರ್ ಡಬ್ಬಿಯ ಆಯಿಲ್ ಬಸಿದ. ಬೆರಳ ನಡುವೆ ಉಜ್ಜಿದಾಗ ಉಕ್ಕಿನ ಪುಡಿ ಮಿರಿಮಿರಿ ಹೊಳೆಯಿತು. ಡಬ್ಬಿ ಬಿಚ್ಚಿ ಹಲ್ಲಿನ ಬಿಲ್ಲೆ ಹೊರತೆಗೆದ. ಇಂಜಿನ್ನಿಗೂ ಪಂಖಕ್ಕೂ ಗಂಟು ಹಾಕುವುದು ಅದೇ. ಅದರ ಹಲ್ಲುಗಳು ಚೌಕವಾಗಿರಬೇಕು, ಮೂಲೆ ಚೂಪಾಗಿರಬೇಕು. ಇಲ್ಲಿ ಒಂದೊಂದೂ ಬಳಸಿ ಉಳಿದ ಸೋಪಿನ ಚೂರಿನಂತೆ ದುಂಡಗಾಗಿತ್ತು.

ಮೆಯಿರ್‌ಬೆಕ್ ಅದನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದ. ಹಲ್ಲು ಹೀಗೆ ಏಕೆ ಸವೆಯುತ್ತದೆಂದು ಈಗ ಅವನಿಗೆ ಗೊತ್ತಿತ್ತು. ಗೇರ್ ಥಟ್ಟನೆ ಹಾಕಿದರೆ ಹಲ್ಲು ಹಲ್ಲಿನ ಸಂದಿಗೆ ಬಿದ್ದು ಕೂತುಬಿಡುತ್ತದೆ. ಮೆಲ್ಲಮೆಲ್ಲಗೆ ತಂದರೆ ತುದಿಗೆ ತುದಿ ಉಜ್ಜಿ ಮೂಲೆ ಸವೆಯುತ್ತದೆ.

ಮೆಲ್ಲಗೆ ಹಾಕಲು ಹೇಳಿದವನು ಅವನೇ.

ಹೋದ ವರ್ಷ ಇದೇ ಮನೆಯ ಊಟಕ್ಕೆ ಕರೆದಿದ್ದರು. ಬೇಯಿಸಿದ ಕುರಿಯ ತಲೆಯಿಂದ, ಮೆಚ್ಚಿನ ಕಿರಿಯರಿಗೆ ಕೊಡುವ ಕಿವಿಯನ್ನು ಕೊಯ್ದು ತುರ್ಗನ್‌ಬಾಯ್ ತನ್ನ ಕೈಯಾರೆ ಅವನಿಗೆ ಕೊಟ್ಟಿದ್ದ, “ನೀನು ಹೇಳು ಇಂಜಿನಿಯರ್, ಗೇರ್ ಹೇಗೆ ಹಾಕ್ಬೇಕು?” ಎಂದು ಕೇಳಿದ್ದ. ‘ಗೊತ್ತಿಲ್ಲ’ ಎನ್ನಲು ಬಾಯಿ ಬರಲಿಲ್ಲ. ಬಾಯಿ ತುಂಬ ಮಾಂಸವಿತ್ತು. ನುಂಗಿ, ಗಂಟಲು ಸರಿಮಾಡಿಕೊಂಡು, “ಗೇರ್ ಅಂದ್ರೆ ಕುದುರೆ ಬಾಯಿ ಇದ್ದ ಹಾಗೆ ಅತಾ. ಜಗ್ಗಬಾರದು. ಮೆಲ್ಲಗೆ ಒಲಿಸ್ಕೊಂಡು ತರ್ಬೇಕು” ಎಂದುಬಿಟ್ಟಿದ್ದ. ಕುದುರೆಯವನಿಗೆ ಕುದುರೆಯ ಮಾತು! ಕೂತವರೆಲ್ಲ ಭೇಷ್ ಎಂದರು. ಅವನಿಗೆ ಎರಡನೇ ಸಲ ಮಾಂಸ ಬಡಿಸಿದರು.

ತುರ್ಗನ್‌ಬಾಯ್‌ನ ಹೆಂಡತಿ ಬಲ್‌ಜಾನ್ ಒಂಟೆ ಹಾಲಿನ ಚಹಾ ತಂದಳು.

“ಅದೇನು ಕಲಿಸ್ಕೊಟ್ಟೆಯೋ ಮಗನೇ, ಈ ಮುದುಕ ನಿದ್ದೇಲೂ ಗೇರ್ ಹಾಕ್ತಾನೆ. ಕಂಬಳಿ ಅಂಚು ಹಿಡ್ಕೊಂಡು ಮೆಲ್ಲ, ಮೆಲ್ಲ... ನನ್ನನ್ನ ಯಾವತ್ತೂ ಹೀಗೆ ಒಲಿಸ್ಲಿಲ್ಲ.”

“ಸುಮ್ನಿರೇ” ಎಂದ ತುರ್ಗನ್‌ಬಾಯ್. ಆಮೇಲೆ ತನ್ನ ಅಂಗೈ ನೋಡಿಕೊಂಡ. “ಇನ್ನೂ ಮೆದುವಾಗಬೇಕಿತ್ತೇನೋ ಕೈ. ಅಲ್ವಾ?”

ಮೆಯಿರ್‌ಬೆಕ್ ಚಹಾದ ಬಟ್ಟಲನ್ನು ನೆಲಕ್ಕಿಟ್ಟ.

ಅಷ್ಟರಲ್ಲಿ ಕುವಾನಿಶ್ ಗೇಟು ತಳ್ಳಿಕೊಂಡು ಬಂದ. “ಏನಂತಾರೆ ಡಾಕ್ಟ್ರು?”

ಮೆಯಿರ್‌ಬೆಕ್ ಬಿಲ್ಲೆಯನ್ನು ಮುಷ್ಟಿಯೊಳಗೆ ಇಟ್ಟುಕೊಂಡ. “ಹಳೇ ಲೋಹ ಆಗಾ. ಸವೆದಿದೆ. ಯಾರ ತಪ್ಪೂ ಅಲ್ಲ.”

ಅದು ಮುದುಕನನ್ನು ಉಳಿಸುವ ಮಾತೆಂದು ತನಗೇ ಹೇಳಿಕೊಂಡ. ನಿಜಕ್ಕೂ ಯಾರನ್ನು ಉಳಿಸುತ್ತಿದ್ದಾನೆಂದು ಅವನಿಗೆ ತಿಳಿಯದೇ ಇರಲಿಲ್ಲ.

“ಲೋಹ ಹಳೇದಾ?” ಕುವಾನಿಶ್ ನಕ್ಕ. “ನಂದೂ ಅದೇ ಕಾಲದ ಮೋಟಾರು ಕಣಯ್ಯಾ. ನಾನು ಗೇರ್ ಹಾಕೋದು ಬಾಗಿಲು ಒದ್ದು ಮನೆ ಬಿಟ್ಟು ಹೋಗೋ ಗಂಡನ ಥರ ಅಂತಾಳೆ ಹೆಂಡ್ತಿ. ಆದ್ರೂ ಮೋಟಾರು ಗುಂಡುಕಲ್ಲಿನ ಹಾಗಿದೆ. ಬೇಡ ಅತಾ, ಈ ಹುಡುಗ ನಿಮ್ಮ ಮರ್ಯಾದೆ ಉಳಿಸೋಕೆ ಸುಳ್ಳು ಹೇಳ್ತಿದ್ದಾನೆ. ಕೈ ನಿಮ್ದೇ.”

ತುರ್ಗನ್‌ಬಾಯ್ ತಲೆಯಾಡಿಸಿ, ಏಳಲು ಮಂಡಿಯ ಮೇಲೆ ಕೈಯೂರಿದ. “ಸರಿಯಪ್ಪಾ. ಮಾತು ಕೊಟ್ಟಿದ್ದೆ. ಇಳೀತೀನಿ.”

“ಕೂತ್ಕೊಳ್ಳಿ ಅತಾ!” ಮೆಯಿರ್‌ಬೆಕ್‌ನ ದನಿ ಐಸ್ ಮನೆಯ ಬಾಗಿಲ ಕೀಲಿನಂತೆ ಕಿರುಗುಟ್ಟಿತು. “ಒರಟು ಕೈಯಿಂದ ಹೀಗಾಗಲ್ಲ. ಮೆದು ಕೈಯಿಂದ ಆಗುತ್ತೆ. ಕುವಾನಿಶ್ ಆಗಾ ಒದ್ದು ಹಾಕಿದ್ದಕ್ಕೇ ಅವರದ್ದು ಉಳೀತು. ಮೆಲ್ಲಗೆ ಹಾಕಿ ಅಂತ ನಿಮಗೆ ಹೇಳಿದ್ದು ನಾನು. ತಪ್ಪು ಹೇಳ್ಕೊಟ್ಟೆ.” ಮುಷ್ಟಿ ಬಿಚ್ಚಿ ಬಿಲ್ಲೆ ತೋರಿಸಿದ.

ಕುವಾನಿಶ್ ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿದ. “ಅಂದ್ರೆ ಬಲೆ ಮುಳುಗಿಸಿದ್ದು ಇಂಜಿನಿಯರ್ರು! ದಡದಲ್ಲಿ ಇನ್ಯಾರ‍್ಯಾರಿಗೆ ಹೇಳಿದೀಯೋ ಪುಣ್ಯಾತ್ಮ?”

“ಅವನು ಹೇಳಿದ್ದು ನಮ್ಮನೆ ಊಟಕ್ಕೆ ಕೂತವರಿಗಷ್ಟೇ” ಎಂದ ತುರ್ಗನ್‌ಬಾಯ್. “ಬೇರೆಯವರಿಗೆಲ್ಲ ನಾನೇ ಹೇಳ್ದೆ. ಹುಡುಗ ಒಳ್ಳೇ ಮಾತಾಡ್ದ ಅಂತ.”

ಬೈದಿದ್ದರೆ ಮೆಯಿರ್‌ಬೆಕ್ ತಡೆದುಕೊಳ್ಳುತ್ತಿದ್ದ. ಮುದುಕ ಬೈಯಲಿಲ್ಲ. ಕೇಳಿದ್ದಿಷ್ಟೇ: “ಅವತ್ತು, ನಿನಗೆ ಗೊತ್ತಿಲ್ಲ ಅನ್ನೋದು ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು, ಅತಾ.”

“ಹೂಂ” ಎಂದು ಎದ್ದು ಒಳಗೆ ಹೋದ.

ಬಿಲ್ಲೆಯ ಎರಡೂ ಬದಿಗೆ ಹಲ್ಲಿದ್ದವು. ಹಿಂದಕ್ಕೆ ಹೋಗುವ ಬದಿ ಹೆಚ್ಚು ಸವೆದಿರಲಿಲ್ಲ. ಮೆಯಿರ್‌ಬೆಕ್ ಬಿಲ್ಲೆಯನ್ನು ಮಗುಚಿ ಹಾಕಿದ. ಮುಂದಕ್ಕೆ ಹೋಗುವಾಗ ಅದು ಕಚ್ಚಬೇಕಾದ ಹಲ್ಲುಚಕ್ರವೂ ಕೆಟ್ಟಿತ್ತು. ಐಸ್ ಮನೆಯ ಹಿಂದೆ ಬಿದ್ದಿದ್ದ ಸತ್ತ ಮೋಟಾರಿನಿಂದ ಒಂದು ಚಕ್ರ ಕಿತ್ತು ತಂದು ಕೂರಿಸಿ, ಹೊಸ ಆಯಿಲ್ ತುಂಬಿದ. ಬಲ್‌ಜಾನ್ ಮತ್ತೆ ಚಹಾ ತಂದಳು, ಪಕ್ಕದಲ್ಲಿಟ್ಟು ಒಳಗೆ ಹೋದಳು.

ಸಂಜೆಗೆ ಮುಂಚೆ ಮೂವರೂ ನೀರಿಗಿಳಿದರು. ತುರ್ಗನ್‌ಬಾಯ್ ಚುಕ್ಕಾಣಿ ಹಿಡಿದು ಕೂತ. ಕುವಾನಿಶ್ ದೋಣಿಯ ಮೂತಿಯಲ್ಲಿ ಕೂತು ಹೇಳಿದ, “ಈಗ ಒಂದೇಟಿಗೆ ಹಾಕಿ ಅತಾ. ಗೇರ್ ನಿಂತ್ರೆ ದೋಣಿ ನಿಮ್ದು.”

ಮುದುಕನ ಕೈ ಹಿಡಿಕೆಯ ಮೇಲೆ ಹೋಗಿ ನಿಂತಿತು. ಮುಂದೆ ಸರಿಯಲಿಲ್ಲ. ಕುದುರೆಯ ಬಾಯಿ ಒಮ್ಮೆಯೂ ಜಗ್ಗದ ಕೈ ಅದು.

“ಅದಕ್ಕೆ ನೋವಾಗಲ್ಲ ಅತಾ” ಎಂದ ಮೆಯಿರ್‌ಬೆಕ್.

“ನೀನು ಸುಮ್ನಿರು.”

ಮತ್ತೆ ಕೈ ಮೆಲ್ಲಗೆ ಹೊರಟಿತು. ‘ಗರ್ರ್’ ಎಂದು ಹಲ್ಲು ಉಜ್ಜಿತು. ಕುವಾನಿಶ್ ಬಾಯಿ ತೆರೆದವನು ಮೆಯಿರ್‌ಬೆಕ್‌ನ ಮುಖ ನೋಡಿ ಮುಚ್ಚಿಕೊಂಡ. ತುರ್ಗನ್‌ಬಾಯ್ ಹಿಡಿಕೆಯನ್ನು ವಾಪಸು ತಂದ, ಕಣ್ಣು ಮುಚ್ಚಿದ, ಹಲ್ಲು ಕಚ್ಚಿ ಒಂದೇ ಏಟಿಗೆ ತಳ್ಳಿದ. ಥಟ್! ದೋಣಿ ಮುಂದಕ್ಕೆ ನೆಗೆಯಿತು. ವೇಗ ಕೊಟ್ಟ. ಇನ್ನೂ ಕೊಟ್ಟ. ಗೇರ್ ಕದಲಲಿಲ್ಲ.

“ನಾಳೆ ಹಂಗಾಮಿನ ಮೊದಲ ದಿನ, ಹರಸೋಕೆ ಬೇಗ ಬನ್ನಿ ಅತಾ!” ಕುವಾನಿಶ್ ಗಾಳಿಗೆದುರಾಗಿ ಕೂಗಿದ. “ನಮ್ಮಕ್ಕನ ಮಗ ಬಲೆ ಹೊಲೀಲಿ.”

ತುರ್ಗನ್‌ಬಾಯ್ ದೋಣಿಯನ್ನು ದಡದತ್ತ ತಿರುಗಿಸುವಾಗ ಮತ್ತೆ ಗೇರ್ ಬದಲಿಸಬೇಕಾಯಿತು. ಹಿಡಿಕೆಗೆ ಥಟ್ಟನೆ ಹೊಡೆದ, ಆ ಕೂಡಲೇ ಅದೇ ಕೈಯಿಂದ ಮೋಟಾರಿನ ನೆತ್ತಿ ಸವರಿ, ತುಟಿಯೊಳಗೇ ಏನೋ ಅಂದ. ಸದ್ದಿನಲ್ಲಿ ಕುವಾನಿಶ್‌ಗೆ ಕೇಳಿಸಲಿಲ್ಲ. ಹತ್ತಿರವಿದ್ದ ಮೆಯಿರ್‌ಬೆಕ್‌ಗೆ ಕೇಳಿಸಿತು. ಹೊಡೆದ ಕುದುರೆಗೆ ಹೇಳುವಂತೆ, “ತಪ್ಪಾಯ್ತಪ್ಪಾ” ಎಂದಿದ್ದ.

ದಡ ಮುಟ್ಟುವವರೆಗೂ ಮೆಯಿರ್‌ಬೆಕ್ ತಲೆಯೆತ್ತಲಿಲ್ಲ.