ಕೆಂಜೆಬೆಕ್ ಕೊಟ್ಟ ಸಾಕ್ಷಿ

ಟಿವಿ ರಿಪೇರಿ ಮಾಡಿಕೊಂಡಿದ್ದ ಕೆಂಜೆಬೆಕ್, ಜನ ಟಿವಿ ನೋಡುವುದನ್ನೇ ಬಿಟ್ಟ ಮೇಲೆ ಬಿಷ್ಕೆಕ್‌ನ ಸಂತೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟ. ಲಿನಕ್ಸ್ ಎಂದರೆ ಅವನಿಗೆ ಪ್ರಾಣ. ಯಾರಪ್ಪನ ಆಸ್ತಿಯೂ ಅಲ್ಲದ, ನಾನಾ ದೇಶದವರು ಸೇರಿ ಕಟ್ಟುವ ತಂತ್ರಾಂಶ ಅದು. ಹೊಸ ಪ್ರೊಸೆಸರ್ ಪೇಟೆಗೆ ಬಂದಾಗಲೆಲ್ಲ ಅದಕ್ಕೆ ಹೊಂದುವಂತೆ ತಿದ್ದಬೇಕು. ತಿದ್ದುವವನು ಒಬ್ಬ, ತನ್ನ ಯಂತ್ರದಲ್ಲಿ ಓಡಿಸಿ ನೋಡಿ, ‘ಪರೀಕ್ಷಿಸಿದವರು’ ಎಂದು ಹೆಸರು ಕೊಡುವವನು ಇನ್ನೊಬ್ಬ. ಆ ಹೆಸರು ತಿದ್ದುಪಡಿಯ ಕೆಳಗೆ ಉಳಿದೇ ಹೋಗುತ್ತದೆ. ಕೆಂಜೆಬೆಕ್‌ನ ಹೆಸರು ಹಾಗೆ ಹಲವು ಕಡೆ ಇತ್ತು. ಮದುವೆಮನೆಯಲ್ಲೂ ಅದನ್ನೇ ಹೇಳಿ ಜನರ ತಲೆ ತಿನ್ನುತ್ತಿದ್ದ.

ಅವನ ಅಕ್ಕನ ಮಗಳು ಐಜಿರೆಕ್ ಕೊಚ್ಕೋರ್ ಕಡೆಯ ಹಳ್ಳಿಶಾಲೆಯಲ್ಲಿ ಟೀಚರು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಶಾಲೆಗೆ ಹೊಸ ಪ್ರೊಸೆಸರಿನ ಕಂಪ್ಯೂಟರ್‌ಗಳು ಬಂದವು. ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಪ್ರೊಸೆಸರಿನೊಳಗೇ ಸೇರಿತ್ತು, ಬೇರೆ ಕಾರ್ಡ್ ಇರಲಿಲ್ಲ. ಅದಕ್ಕೆ ಬೇಕಾದ ತಿದ್ದುಪಡಿಯನ್ನು ಮಾಮನೇ ಪರೀಕ್ಷಿಸಿದ್ದಾನೆ ಎಂಬ ಧೈರ್ಯದ ಮೇಲೆ ಅವಳು ಲಿನಕ್ಸ್ ಹಾಕಲು ಹೆಡ್‌ಮಿಸ್ಸನ್ನು ಒಪ್ಪಿಸಿದಳು. ಉದ್ಘಾಟನೆಗೆ ಮಾಮನೇ ಮುಖ್ಯ ಅತಿಥಿ. ಊರವರ ಎದುರು ಐಜಿರೆಕ್ ಯಂತ್ರಗಳನ್ನು ಮೊದಲ ಸಲ ಶುರುಮಾಡಿದಳು. ಪರದೆಗಳೆಲ್ಲ ಕಪ್ಪಾಗಿಯೇ ಕೂತವು.

ಕೆಂಜೆಬೆಕ್ ಬಗ್ಗಿ ಯಂತ್ರದ ಹಿಂದಿನ ಕೇಬಲ್ ಮುಟ್ಟಿದ. ಆಗಲೇ ಅವನಿಗೆ ತನ್ನ ತಪ್ಪು ಹೊಳೆಯಿತು. ತನ್ನ ಅಂಗಡಿಯಲ್ಲಿ ಪರೀಕ್ಷಿಸುವಾಗ ಪರದೆಯ ಕೇಬಲ್ ಸಿಕ್ಕಿಸಿದ್ದು ಹಳೆಯ ಗ್ರಾಫಿಕ್ಸ್ ಕಾರ್ಡಿಗೆ. ಪ್ರೊಸೆಸರಿನೊಳಗಿನ ಗ್ರಾಫಿಕ್ಸನ್ನು ಅವನು ನೋಡಿಯೇ ಇರಲಿಲ್ಲ. ಕಾರ್ಡು ತೋರಿಸಿದ ಚಿತ್ರ ನೋಡಿ, ಎಲ್ಲ ಸರಿಯಿದೆ ಎಂದು ಲೋಕಕ್ಕೆಲ್ಲ ಸಾಕ್ಷಿ ಹೇಳಿದ್ದ.

ಊಟಕ್ಕೆ ಕೂತಾಗ, ದೊಡ್ಡ ಅತಿಥಿ ಎಂದು ಬೇಯಿಸಿದ ಕುರಿತಲೆಯನ್ನು ಅವನ ಮುಂದೆಯೇ ಇಟ್ಟರು. ಅವನು ಪದ್ಧತಿಯಂತೆ ಕಿವಿ ಕೊಯ್ದು ಮಕ್ಕಳಿಗೆ ಕೊಟ್ಟ. ಹೆಡ್‌ಮಿಸ್ಸು ಅವನಲ್ಲೇ ಕ್ಷಮೆ ಕೇಳಿದರು.

“ನಮ್ಮ ಹುಡುಗಿಗೆ ಅನುಭವ ಸಾಲದು. ಏನೋ ಒತ್ತಿ ಕೆಡಿಸಿರಬೇಕು. ನಿಮ್ಮನ್ನ ಇಷ್ಟು ದೂರ ಕರೆಸಿ ಹಿಂಗಾಯ್ತು.”

ಐಜಿರೆಕ್ ಮಾಮನ ಮುಖ ನೋಡಿದಳು. ಮಾಮ ಒಂದು ದೊಡ್ಡ ತುಂಡು ಬಾಯಿಗಿಟ್ಟುಕೊಂಡ. ಬಾಯಿ ತುಂಬಿದವನು ಹೇಗೆ ಮಾತಾಡಿಯಾನು! ಆ ತುಂಡನ್ನು ಅಗಿಯುತ್ತಲೇ ಇದ್ದ.

ಊರಿಗೆ ಮರಳಿ, ಕಾರ್ಡು ಕಿತ್ತು, ಕೇಬಲನ್ನು ಸರಿಯಾದ ಕಡೆ ಚುಚ್ಚಿ ನೋಡಿದರೆ ಅಲ್ಲೂ ಕಪ್ಪೇ. ಪರದೆಯಲ್ಲಿ ಚಿತ್ರ ಬರುತ್ತಿಲ್ಲವೆಂದು ತಿದ್ದಿದವರಿಗೆ ಬರೆದ. ತಾನು ಏನು ಮಾಡಿದ್ದೆ ಎಂಬುದನ್ನು ಮಾತ್ರ ನುಂಗಿಕೊಂಡ. ಅವರು ಸರಿಪಡಿಸಿ, ತಮ್ಮ ರೂಢಿಯಂತೆ ಅದರ ಕೆಳಗೆ ಬರೆದರು: ‘ದೋಷ ತಿಳಿಸಿದವರು: ಕೆಂಜೆಬೆಕ್. ಧನ್ಯವಾದ.’ ಅದನ್ನು ಓದಿ ಅವನಿಗೆ ಭೂಮಿಗಿಳಿದು ಹೋಗುವಂತಾಯಿತು.

ಮುಂದಿನ ವಾರ ಐಜಿರೆಕ್ ಅಂಗಡಿಗೆ ಬಂದಳು. ಅವಳಮ್ಮ ಬೂರ್ಸೋಕ್ ಎಂಬ ಹಿಟ್ಟಿನ ತಿಂಡಿ ಕರಿದು ಬಟ್ಟೆಯಲ್ಲಿ ಕಟ್ಟಿ ಕಳಿಸಿದ್ದಳು. ಕಂಪ್ಯೂಟರ್‌ಗಳು ಈಗ ಚೆನ್ನಾಗಿ ಓಡುತ್ತಿವೆಯೆಂದೂ, ತಪ್ಪು ಕಂಡುಹಿಡಿದವನು ನಮ್ಮ ಮಾಮನೇ ಎಂದು ಹೆಡ್‌ಮಿಸ್ಸಿಗೆ ಹೆಸರು ತೋರಿಸಿದೆನೆಂದೂ ಹೇಳಿದಳು.

“ಕೆಲಸ ಖಾಯಂ ಮಾಡಿದ್ರಾ?” ಎಂದ.

“ಈ ವರ್ಷ ಬೇಡ, ಇನ್ನಷ್ಟು ಕಲೀಲಿ ಅಂದ್ರು. ಇರ್ಲಿ ಬಿಡು.”

ಕೆಂಜೆಬೆಕ್‌ಗೆ ಇನ್ನು ತಡೆಯಲಾಗಲಿಲ್ಲ. ಕೇಬಲ್ಲಿನ ವಿಷಯ ಪೂರ್ತಿ ಹೇಳಿಬಿಟ್ಟ. ಐಜಿರೆಕ್ ನಕ್ಕಳು.

“ಅಷ್ಟೇನಾ ಮಾಮ? ಅದು ಯಾರಿಗಾದ್ರೂ ಆಗುತ್ತೆ.” ಆಮೇಲೆ ನಗು ನಿಂತಿತು. “ನಿಂಗೆ ಗೊತ್ತಾಗಿದ್ದು ಯಾವಾಗ?”

“ಅವತ್ತೇ. ಊಟಕ್ಕೆ ಮುಂಚೆ.”

ಅವಳು ಬೂರ್ಸೋಕಿನ ಗಂಟನ್ನು ಮೇಜಿನ ಮೇಲಿಟ್ಟು, ಕೋಟಿನ ಗುಂಡಿ ಹಾಕಿಕೊಂಡಳು.

“ಅಮ್ಮಂಗೆ ನಾನು ಹೇಳಲ್ಲ,” ಎಂದು ಹೊರಟುಹೋದಳು.